ಜೀನತ್‌ಳ ಗಿರಣಿಯ ಜೊತೆ ಮೂರು ಊರು

ಪರ್ತ್

ಆಸ್ಟ್ರೇಲಿಯಾದ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸ, ಇಲ್ಲದ ಕಾಳನ್ನು ಕೇರಿದ್ದು. ಪರ್ತ್ ವಿಮಾನ ನಿಲ್ದಾಣದ ತಪಾಸಣೆ ಮೇಜಿನಲ್ಲಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ನನ್ನ ಪೆಟ್ಟಿಗೆಯಿಂದ ಬಿದಿರಿನ ಮೊರವನ್ನು ಹೊರಗೆಳೆದು ಇದೇನು ಎಂದು ಕೇಳಿದಳು. ಮೊರಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂಬುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕೇರಿ ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರು ನಕ್ಕರು, ಹುಡುಗಿಯೂ ನಕ್ಕಳು. ನಕ್ಕು ಮುಗಿಸಿ, ಮೊರದ ಅಂಚಿನಲ್ಲಿ ಹುಳು ಕೊರೆದ ಎರಡು ತೂತುಗಳನ್ನು ತೋರಿಸಿ, ಮೊರವನ್ನೂ ಅದರ ಜೊತೆಗಿದ್ದ ತೆಂಗಿನಕಡ್ಡಿ ಪೊರಕೆಯನ್ನೂ ಚೀಲಕ್ಕೆ ಹಾಕಿ ಬಾಯಿ ಬಿಗಿದಳು. ಅವಳ ಕೆಲಸ ಅವಳು ಮಾಡಿದಳು. ದಾವಣಗೆರೆಯಿಂದ ಜೋಪಾನವಾಗಿ ತಂದ ಎರಡು ವಸ್ತುಗಳೂ ಹೋಗಿ, ನಾನು ಬರಿಗೈಯಲ್ಲಿ ಹೊರಗೆ ಬಂದೆ.

ನಾಟಕವೊಂದಕ್ಕೆ ಬೇಕೆಂದು ಅವೆರಡನ್ನು ತರಲು ಹೇಳಿದ್ದವಳು ಜೀನತ್. ಚಿತ್ರದುರ್ಗದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾವಿಬ್ಬರೂ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಅವಳ ತಂದೆಗೆ ಸೈಕಲ್ ರಿಪೇರಿ ಅಂಗಡಿ, ಮನೆಮಾತು ಉರ್ದು. ಓದಿ ಡಾಕ್ಟರಾದಳು, ಅರಿವಳಿಕೆ ತಜ್ಞೆಯಾದಳು, ಗಂಡ ಇಕ್ಬಾಲನ ಜೊತೆ ಬ್ರಿಸ್ಬೇನಿಗೆ ಹೋದಳು. ನಾನು ಕನ್ನಡ ಎಂ.ಎ. ಮಾಡಿ ದಾವಣಗೆರೆಯ ಶಾಲೆಯೊಂದರಲ್ಲಿ ಟೀಚರಾದೆ. ಬ್ರಿಸ್ಬೇನಿನಲ್ಲಿ ಅವಳು ಒಂದು ಕನ್ನಡ ರಂಗತಂಡ ಕಟ್ಟಿದ್ದಾಳೆ, ಒಂಬತ್ತು ವರ್ಷದಿಂದ ವರ್ಷಕ್ಕೊಂದು ನಾಟಕ ಆಡಿಸುತ್ತಾಳೆ ಎಂಬುದು ನನಗೆ ವಾಟ್ಸಾಪ್ ಫೋಟೋಗಳಿಂದ ಗೊತ್ತಿತ್ತು. ೨೦೧೬ರ ಬೇಸಿಗೆ ರಜೆ ಹತ್ತಿರವಾದಾಗ ಫೋನ್ ಮಾಡಿ, ಈ ಸಲ ಮೂರು ಊರಲ್ಲಿ ಆಟ ಇದೆ, ಮಕ್ಕಳ ಉಚ್ಚಾರ ತಿದ್ದೋಕೆ ಒಬ್ಬರು ಬೇಕು, ಬಾ ಎಂದಳು. ಮೊದಲು ಪರ್ತ್, ಆಮೇಲೆ ಅಡಿಲೇಡ್, ಕೊನೆಗೆ ಬ್ರಿಸ್ಬೇನ್.

ನಿಲ್ದಾಣದ ಹೊರಗೆ ಅವಳು ಕಂಡಾಗ, ನಾವು ಭೇಟಿಯಾಗಿ ಹದಿನೈದು ವರ್ಷವಾಗಿತ್ತು. ಕೂದಲು ಬೆಳ್ಳಗಾಗಿದ್ದವು, ನಡಿಗೆ ಮಾತ್ರ ಹಳೆಯದೇ, ಯಾವಾಗಲೂ ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ. ಮೊರ ಹೋದ ಸುದ್ದಿ ಹೇಳಿದೆ. ಒಂದು ನಿಮಿಷವೂ ಮರುಗಲಿಲ್ಲ. ಇಕ್ಬಾಲನನ್ನು ಕರೆದು, ರಟ್ಟಿನ ಡಬ್ಬವೊಂದನ್ನು ಕತ್ತರಿಸಿ ಮೊರ ಮಾಡಬೇಕು ಎಂದಳು. ಆತ ಮಾತು ಕಡಿಮೆ, ಕೈ ಚುರುಕು. ಸಂಜೆಯೊಳಗೆ ರಟ್ಟಿನ ಪಟ್ಟಿಗಳನ್ನು ಹೆಣೆದು, ಟೀ ಡಿಕಾಕ್ಷನ್ ಬಳಿದು ಒಣಗಿಸಿದ್ದ. ಮೂರನೇ ಸಾಲಿನಿಂದ ನೋಡಿದರೆ ನನ್ನ ಮೊರಕ್ಕಿಂತ ಅದೇ ಚೆನ್ನಾಗಿತ್ತು.

ನಾಟಕದ ಹೆಸರು ‘ಹಿಟ್ಟಿನ ಗಿರಣಿ’. ಜೀನತ್‌ಳೇ ಬರೆದದ್ದು. ಸಣ್ಣ ಊರಿನ ಗಿರಣಿಯಲ್ಲಿ ಹೆಂಗಸರು ಡಬ್ಬ ಇಟ್ಟುಕೊಂಡು ಸರದಿಗೆ ಕಾಯುತ್ತಿದ್ದಾರೆ. ಕಮಲಿ ಎಂಬ ಹುಡುಗಿ ತನ್ನದೇ ಮದುವೆಯ ಚಕ್ಕುಲಿಗೆ ಅಕ್ಕಿ ಬೀಸಿಸಲು ಬರುತ್ತಾಳೆ. ಮದುವೆಯ ದಿನವೇ ಅವಳ ಪರೀಕ್ಷೆಯೂ ಇದೆಯೆಂದು ಮಾತಿನ ನಡುವೆ ಗೊತ್ತಾಗುತ್ತದೆ. ಹೆಂಗಸರೆಲ್ಲ ಸೇರಿ ಗಿರಣಿಯ ಬೆಲ್ಟನ್ನೇ ಬಚ್ಚಿಡುತ್ತಾರೆ. ಹಿಟ್ಟಿಲ್ಲದೆ ಮದುವೆ ಮುಂದೆ ಹೋಗುತ್ತದೆ. ಇಷ್ಟೇ ಕಥೆ. ಕಮಲಿಯ ಪಾತ್ರ ಜೀನತ್‌ಳ ಮಗಳು ಆಯಿಷಾಳದು.

ಆಯಿಷಾಗೆ ಇಪ್ಪತ್ತು ವರ್ಷ. ಬ್ರಿಸ್ಬೇನಿನ ಸೇಂಟ್ ಲೂಸಿಯಾ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಅಲ್ಲಿ ಹುಟ್ಟಿದ ಹುಡುಗಿ. ಮನೆಯಲ್ಲಿ ತಾಯಿ ಒಂದೇ ವಾಕ್ಯದಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಬೆರೆಸಿ ಬೈದರೂ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲೇ. ಕನ್ನಡ ಬಾಯಿಂದ ಹೊರಡುವುದು ರಂಗದ ಮೇಲೆ ಮಾತ್ರ. ಮೊದಲ ತಾಲೀಮಿನಲ್ಲೇ ಅವಳ ತೊಂದರೆ ನನ್ನ ಕಿವಿಗೆ ಬಿತ್ತು. ಅವಳಿಗೆ ‘ಹ’ ಬರುತ್ತಿರಲಿಲ್ಲ. ಹಿಟ್ಟು ಅನ್ನುವುದಕ್ಕೆ ‘ಇಟ್ಟು’, ಹಾಲಿಗೆ ‘ಆಲು’. ಗಿರಣಿ ನಾಟಕದಲ್ಲಿ ಹಿಟ್ಟು ಎಂಬ ಪದ ಎಷ್ಟು ಸಲ ಬರಬಹುದು, ನೀವೇ ಊಹಿಸಿ.

ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು. ಮರುದಿನ ಬೆಳಿಗ್ಗೆ ನದಿಯ ದಂಡೆಗೆ ಅವಳನ್ನು ಕರೆದುಕೊಂಡು ಹೋದೆ. ಅಲ್ಲಿಯ ಹಂಸಗಳು ಕಪ್ಪು. ಬಿಳಿ ಹಂಸದ ಹಾಲು ನೀರಿನ ಪಾಠ ಮಾಡಿ ಮಾಡಿ ಸವೆದವಳು ಕಪ್ಪು ಹಂಸಗಳ ಮುಂದೆ ಹುಲ್ಲಿನ ಮೇಲೆ ಕೂತು, ಹುಡುಗಿಯ ಕೈಯನ್ನು ಅವಳ ಬಾಯಿಯ ಮುಂದೆ ಹಿಡಿಸಿ, ಉಸಿರು ತಾಗಬೇಕು ನೋಡು ಎಂದು ಹೇಳಿಕೊಟ್ಟೆ. ಹಿಟ್ಟು. ಹಾಲು. ಹಲಸು. ಹಕ್ಕಿ. ಎರಡು ಗಂಟೆ ಬಿಡಲಿಲ್ಲ. ಆಯಿಷಾ ಬೇಸರವಿಲ್ಲದೆ ಹೇಳಿದಳು. ಅವಳ ‘ಹ’ ಶುದ್ಧವಾಯಿತು. ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ಸಭಾಂಗಣ ನೋಡಿಕೊಳ್ಳುತ್ತಿದ್ದ ಮುದುಕ ಬೀಗದಕೈಯನ್ನು ನನ್ನ ಕೈಗಿಟ್ಟು, ಇದನ್ನು ‘ದಿಸ್ ಆರ್ವೋ’ ವಾಪಸು ಕೊಡು ಎಂದು ಹೋದ. ಆರ್ವೋ ಯಾರೋ ಗುಮಾಸ್ತ ಇರಬೇಕೆಂದು ನಾನು ಪಕ್ಕದ ಗ್ರಂಥಾಲಯದಲ್ಲೂ ಕ್ರಿಕೆಟ್ ಕ್ಲಬ್ಬಿನಲ್ಲೂ ಮಿಸ್ಟರ್ ಆರ್ವೋ ಎಲ್ಲಿ ಎಂದು ವಿಚಾರಿಸಿದೆ. ಕ್ಲಬ್ಬಿನವರು ಪಾಪ, ನನ್ನನ್ನು ಕೂರಿಸಿ ನೀರು ಕೊಟ್ಟು, ಆರ್ವೋ ಅಂದರೆ ಇಲ್ಲಿ ಮಧ್ಯಾಹ್ನ ಎಂದು ತಿಳಿಸಿದರು. ಮಧ್ಯಾಹ್ನವನ್ನು ಹುಡುಕಿಕೊಂಡು ಊರು ಸುತ್ತಿದ ಕನ್ನಡ ಟೀಚರ್ ಎಂದು ತಂಡದವರು ಆಮೇಲೆ ನನ್ನನ್ನು ಮೂರು ಊರಿನಲ್ಲೂ ರೇಗಿಸಿದರು.

ಪರ್ತಿನ ಆಟ ಗೆಲ್ಲಲಿಲ್ಲ. ನಮ್ಮನ್ನು ಕರೆಸಿದ್ದ ಅಲ್ಲಿಯ ಕನ್ನಡ ಗೆಳೆಯರು ಪ್ರೀತಿಯಿಂದ ಊಟವನ್ನೂ ಇಟ್ಟಿದ್ದರು. ನಾಟಕ ಅರ್ಧಕ್ಕೆ ಬರುವ ಹೊತ್ತಿಗೆ ಹಿಂದಿನ ಕೋಣೆಯಿಂದ ಬಿಸಿಬೇಳೆಬಾತಿನ ವಾಸನೆ ಬಂತು, ಒಬ್ಬೊಬ್ಬರಾಗಿ ಎದ್ದರು. ಮಕ್ಕಳು ಮೊದಲಿನಿಂದಲೂ ತಲೆ ಬಗ್ಗಿಸಿ ಐಪ್ಯಾಡ್ ನೋಡುತ್ತಿದ್ದರು. ಕೊನೆಯ ದೃಶ್ಯಕ್ಕೆ ಉಳಿದವರು ಇಪ್ಪತ್ತು ಜನ.

ಸಾಮಾನು ಕಟ್ಟುವಾಗ ಶ್ರೀಧರ್ ಮಾತೆತ್ತಿದರು. ಇವರು ಮೈಸೂರಿನ ಸಾಫ್ಟ್‌ವೇರ್ ಎಂಜಿನಿಯರ್, ನಾಟಕದಲ್ಲಿ ಗಿರಣಿಯ ಮೆಕ್ಯಾನಿಕ್. ಒಂಬತ್ತು ವರ್ಷದ ಹಿಂದೆ ಕನ್ನಡಿಗರ ಸಭೆಯೊಂದರಲ್ಲಿ, ನಿಮ್ಮ ಮನೆಮಾತು ಉರ್ದು ಅಲ್ವಾ ಮೇಡಂ, ಕನ್ನಡ ನಾಟಕ ನಿಮಗ್ಯಾಕೆ ಎಂದು ಜೀನತ್‌ಳನ್ನು ಕೇಳಿದ್ದವರು ಇವರೇ. ಅವಳು ಉತ್ತರ ಕೊಡದೆ ಮುಂದಿನ ವಾರ ಅವರಿಗೊಂದು ಪಾತ್ರ ಕೊಟ್ಟಳು. ಅಂದಿನಿಂದ ತಂಡ ಬಿಟ್ಟಿಲ್ಲ. ಈಗ ಅವರು ಹೇಳಿದ್ದು, ಅರ್ಧ ಇಂಗ್ಲಿಷ್ ಹಾಕಿದರೆ ಮಕ್ಕಳೂ ನೋಡುತ್ತಾರೆ, ಬ್ರಿಸ್ಬೇನಿನಲ್ಲಂತೂ ಹಾಕಲೇಬೇಕು ಎಂದು.

ಬ್ರಿಸ್ಬೇನಿನ ಆಟ ಬೇರೆಯದೇ ಬಗೆಯದು. ಅಲ್ಲಿಯ ಒಂದು ದೊಡ್ಡ ರಂಗಮಂದಿರ ತನ್ನ ವರ್ಷದ ನಾಟಕಗಳ ಪಟ್ಟಿಯಲ್ಲಿ ಮೊದಲ ಬಾರಿಗೆ ಕನ್ನಡ ನಾಟಕವೊಂದನ್ನು ಸೇರಿಸಿತ್ತು. ಅದನ್ನು ನಡೆಸುವ ಹೆಲೆನ್ ಎಂಬಾಕೆಯೂ ಅರ್ಧ ಇಂಗ್ಲಿಷಿನಲ್ಲಿ ಆಡಲಾದೀತೇ ಎಂದು ಕೇಳಿದ್ದಳು. ಜೀನತ್ ಆಗುವುದಿಲ್ಲ ಎಂದಿದ್ದಳು. ಹಾಗಾದರೆ ಚಿಕ್ಕ ಸಭಾಂಗಣ, ಒಂದೇ ಆಟ, ಮುಂದಿನದು ಆಮೇಲೆ ನೋಡೋಣ ಎಂದು ಹೆಲೆನ್ ಮುಗಿಸಿದ್ದಳು.

ಶ್ರೀಧರ್ ಮಾತಿಗೆ ಜೀನತ್ ಸೀರೆ ಮಡಿಸುತ್ತಲೇ ಹೇಳಿದಳು: “ಇಂಗ್ಲಿಷ್ ಕೇಳ್ಬೇಕು ಅಂದ್ರೆ ಅವರು ಮನೆ ಬಾಗಿಲು ತೆಗೆದ್ರೆ ಸಾಕು ಶ್ರೀಧರ್. ನಮ್ಮ ಹತ್ರ ಯಾಕೆ ಬರ್ತಾರೆ?”

ಅಡಿಲೇಡ್

ಅಡಿಲೇಡ್ ಗೆರೆ ಹಾಕಿ ಕಟ್ಟಿದ ಊರು. ಬೀದಿಗಳು ನೇರ, ಊರಿನ ಸುತ್ತ ಉದ್ಯಾನ, ಎಲ್ಲೆಲ್ಲೂ ಎಂಥ ನಿಶ್ಶಬ್ದವೆಂದರೆ ನಾನು ಬಾಳೆಹಣ್ಣು ಸುಲಿಯುವ ಸದ್ದಿಗೂ ಸಂಕೋಚಪಟ್ಟೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ, ಹಿಂದಿನ ಬಾಗಿಲಲ್ಲಿ ಇಳಿಯುವವರು ಅಲ್ಲಿಂದಲೇ ಕೂಗಿ ಹೇಳುತ್ತಾರೆ. ನಮ್ಮಲ್ಲಿ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೂಗಿ ಹೇಳುವ ಮಾತುಗಳು ಬೇರೆ. ಎರಡು ದಿನದಲ್ಲಿ ನನಗೂ ರೂಢಿಯಾಯಿತು. ಮೂರನೇ ದಿನ ಲಿಫ್ಟಿಗೂ ಥ್ಯಾಂಕ್ಸ್ ಹೇಳಿದೆ.

ಆಟದ ಹಿಂದಿನ ದಿನ ಜೀನತ್‌ಳ ಜೊತೆ ನಡೆಯುತ್ತ, ಇದೆಲ್ಲ ಶುರುವಾದದ್ದು ಹೇಗೆ ಎಂದು ಕೇಳಿದೆ. ಹಗಲು ಜನರನ್ನು ಮಲಗಿಸುವುದು, ಸಂಜೆ ಎಬ್ಬಿಸುವುದು ತನ್ನ ಕೆಲಸ ಎಂದು ಮೊದಲು ತಮಾಷೆ ಮಾಡಿದಳು. ಆಮೇಲೆ ಹೇಳಿದಳು. ಅವಳ ಆಸ್ಪತ್ರೆಯಲ್ಲಿ ಒಮ್ಮೆ ಒಬ್ಬ ಮುದುಕಿಗೆ ಆಪರೇಷನ್ ಆಯಿತು. ಮಗನ ಮನೆಗೆ ಬಂದಿದ್ದಾಕೆ. ಅರಿವಳಿಕೆ ಇಳಿಯುತ್ತಿದ್ದಂತೆ ಅದೇನೋ ಒಂದೇ ಮಾತನ್ನು ಮತ್ತೆ ಮತ್ತೆ ಕೇಳತೊಡಗಿದಳು. ನರ್ಸುಗಳು ರೋಗಿಗೆ ಬುದ್ಧಿ ಸ್ಥಿಮಿತವಿಲ್ಲ ಎಂದು ಬರೆದುಕೊಂಡರು. ಜೀನತ್ ಹತ್ತಿರ ಹೋಗಿ ಕಿವಿಗೊಟ್ಟರೆ ಮುದುಕಿ ಕೇಳುತ್ತಿದ್ದದ್ದು ಹಾಲು ಉಕ್ಕಿತಾ ಎಂದು. ಇಲ್ಲ ಅಜ್ಜಿ, ಒಲೆ ಆರಿಸಿದೀನಿ ಎಂದಳು. ಮುದುಕಿ ಸಮಾಧಾನದಿಂದ ಮಲಗಿದಳು. ಆ ಕೋಣೆಯಿಂದ ಹೊರಗೆ ಬಂದಾಗ ಜೀನತ್‌ಗೆ ಹೊಳೆದದ್ದು, ಮನೆಯ ಹೊರಗೆ ತಾನು ಗಟ್ಟಿಯಾಗಿ ಕನ್ನಡ ಆಡಿ ಎಷ್ಟೋ ತಿಂಗಳಾಗಿತ್ತು ಎಂದು. ಈ ಊರಲ್ಲಿ ಕನ್ನಡವನ್ನು ಗಟ್ಟಿಯಾಗಿ, ಹಿಂದಿನ ಸಾಲಿಗೂ ಕೇಳುವಂತೆ ಆಡುವ ಜಾಗ ಒಂದಿರಬೇಕು ಅನಿಸಿತು.

ಮೊದಲ ನಾಟಕ ಬ್ರಿಸ್ಬೇನಿನಲ್ಲಿ, ಅವಳ ಬಡಾವಣೆ ಟೂವಾಂಗಿನ ಸ್ಕೌಟ್ ಮಕ್ಕಳ ಸಭಾಂಗಣದಲ್ಲಿ. ನೋಡಲು ಬಂದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ಸತ್ಯನಾರಾಯಣ ಪೂಜೆ ಎಂದುಕೊಂಡು ಬಂದವರು. ಎರಡನೇ ವರ್ಷ ಮಳೆ, ಮೂರನೇ ವರ್ಷ ನಾಯಕನ ಪಾತ್ರದವನಿಗೆ ಸಿಡ್ನಿಗೆ ವರ್ಗ. ಒಂದು ವರ್ಷ ಆಟದ ನಡುವೆಯೇ ಆಸ್ಪತ್ರೆಯಿಂದ ಕರೆ ಬಂದು, ಉಳಿದ ನಾಟಕವನ್ನು ಇಕ್ಬಾಲನ ಕೈಗೊಪ್ಪಿಸಿ ಓಡಿದ್ದಳು. ಒಮ್ಮೆಯೂ ಒಂದು ವರ್ಷ ಬಿಡಲಿಲ್ಲ. ಊಟ ಇಟ್ಟರೆ ಜನ ಬರುತ್ತಾರೆ ಎಂದು ಎಲ್ಲರೂ ಹೇಳಿದರೂ ಬ್ರಿಸ್ಬೇನಿನಲ್ಲಿ ಎಂದೂ ಊಟ ಇಡಲಿಲ್ಲ. ಹಸಿದುಕೊಂಡಾದರೂ ನೋಡಬೇಕು ಅನ್ನುವ ನಾಟಕ ಮಾಡೋದು ನನ್ನ ಕೆಲಸ ಎಂದಳು.

ಅಡಿಲೇಡಿನ ಸಭಾಂಗಣ ತುಂಬಿತ್ತು. ಆಸ್ಪತ್ರೆಗಳ ಕನ್ನಡದ ಡಾಕ್ಟರುಗಳು, ಅವರ ಮನೆಯವರು, ಊರಿನಿಂದ ಬಂದಿದ್ದ ಅಪ್ಪ ಅಮ್ಮಂದಿರು. ಮೊದಲ ದೃಶ್ಯಕ್ಕೇ ಚಪ್ಪಾಳೆ ಬಿತ್ತು. ಆಮೇಲೆ ಕಮಲಿ ಬಂದಳು. ತಲೆಯ ಮೇಲೆ ಡಬ್ಬ, ಸೊಂಟಕ್ಕೆ ಸೆರಗು. ಗಿರಣಿಯ ಗಿರಿಜಕ್ಕನ ಮುಂದೆ ಡಬ್ಬ ಇಳಿಸಿ, ನಾನು ಕಲಿಸಿದ ಹಾಗೆಯೇ ಎದೆಯಿಂದ ಉಸಿರು ತಂದು, ಸ್ಪಷ್ಟವಾಗಿ ಹೇಳಿದಳು:

“ಗಿರಿಜಕ್ಕ, ಐದು ಸೇರು ಹಕ್ಕಿ ಇದೆ. ನುಣ್ಣಗೆ ಬೀಸಿಕೊಡಿ.”

ಪರ್ತಿನಲ್ಲಿ ಸರಿಯಾಗಿಯೇ ಅಂದಿದ್ದ ‘ಅಕ್ಕಿ’ಗೆ ಇಲ್ಲಿ ನನ್ನ ‘ಹ’ ಅಂಟಿಕೊಂಡಿತ್ತು. ಇಡೀ ಸಭೆ ನಕ್ಕಿತು. ಕೆಟ್ಟ ನಗೆಯಲ್ಲ, ಆದರೆ ನಿಲ್ಲದ ನಗೆ. ಯಾರೋ ಹಕ್ಕಿಯ ಹಾಗೆ ಚಿಲಿಪಿಲಿ ಸದ್ದು ಮಾಡಿದರು. ಆಯಿಷಾಗೆ ತಾನು ಏನು ತಪ್ಪಾಡಿದೆ ಎಂದು ತಿಳಿಯಲಿಲ್ಲ. ಮುಂದಿನ ಮಾತು ಮರೆತುಹೋಯಿತು. ಪರದೆಯ ಪಕ್ಕದಿಂದ ಜೀನತ್ ಎತ್ತಿಕೊಟ್ಟಳು, ಅದೂ ಕೇಳಿಸಲಿಲ್ಲ. ಹುಡುಗಿ ಡಬ್ಬವನ್ನು ಅಲ್ಲೇ ಬಿಟ್ಟು ಒಳಗೆ ನಡೆದುಬಿಟ್ಟಳು. ಶ್ರೀಧರ್ ಸಮಯಕ್ಕೆ ಬಂದರು. ಎರಡು ದೃಶ್ಯದ ನಂತರ ಬರಬೇಕಾದ ಮೆಕ್ಯಾನಿಕ್, ಸ್ಪ್ಯಾನರ್ ಹಿಡಿದು ಆಗಲೇ ಬಂದು, ಕಮಲಿ ನಾಚ್ಕೊಂಡು ಓಡಿಹೋದ್ಲು ಕಣಕ್ಕ, ಮದುವೆ ಹುಡುಗಿ ಅಲ್ವಾ ಎಂದು ಕಥೆಯನ್ನು ಹಿಡಿದು ನಿಲ್ಲಿಸಿದರು. ಆಯಿಷಾ ಆಮೇಲೆ ಬಂದು ಉಳಿದದ್ದನ್ನು ಯಂತ್ರದಂತೆ ಒಪ್ಪಿಸಿದಳು. ನಾಟಕ ಮುಗಿಯಿತು.

ಮರುದಿನ ಬೆಳಿಗ್ಗೆ ನದಿಯ ಪಕ್ಕದ ಬೆಂಚಿನಲ್ಲಿ ಅವಳು ಒಬ್ಬಳೇ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಬ್ರಿಸ್ಬೇನಿನಲ್ಲಿ ಆಡುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕೋಪವಿರಲಿಲ್ಲ. ಅದೇ ನನಗೆ ಕಷ್ಟವಾಯಿತು. ಆಮೇಲೆ ಕೇಳಿದಳು: “ಆಂಟಿ, ಎಲ್ಲಾ ಕಡೆ ಉಸಿರು ಸೇರಿಸು ಅಂತ ನೀವೇ ಹೇಳಿದ್ರಲ್ಲ. ಎಲ್ಲಿ ಸೇರಿಸ್ಬಾರ್ದು ಅಂತ ಯಾಕೆ ಹೇಳ್ಲಿಲ್ಲ?”

ಇದನ್ನೂ ಇಂಗ್ಲಿಷಿನಲ್ಲೇ ಕೇಳಿದ್ದು. ಮಾತು ತಿರುಗಿಸಲು, ನಿನಗೆ ‘ಇಟ್ಟು’ ಅನ್ನೋದನ್ನು ಕಲಿಸಿದವರು ಯಾರು ಎಂದೆ. ಆಗ ಅವಳ ಮುಖ ಸ್ವಲ್ಪ ಅರಳಿತು. ನಿಂಗಮ್ಮಜ್ಜಿ ಎಂದಳು. ಅವಳು ಚಿಕ್ಕವಳಿದ್ದಾಗ ಪಕ್ಕದ ಮನೆಗೆ ಮಂಡ್ಯ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಇರಲು ಬಂದಿದ್ದರಂತೆ. ಜೀನತ್ ಆಸ್ಪತ್ರೆಗೆ ಹೋದಾಗೆಲ್ಲ ಆಯಿಷಾಳನ್ನು ಎರಡು ವರ್ಷ ನೋಡಿಕೊಂಡವರು ಅವರು. ಹಾಲು ಕುಡಿಸುವಾಗ ‘ಆಲು’ ಎಂದವರು, ರಾಗಿಮುದ್ದೆ ಕಟ್ಟುವಾಗ ‘ಇಟ್ಟು’ ಎಂದವರು. ಆಯಿಷಾಳ ಬಾಯಲ್ಲಿದ್ದ ಕನ್ನಡವೆಲ್ಲ ಆ ಅಜ್ಜಿಯದು.

ನಾನು ತಿದ್ದಿದ್ದು ತಪ್ಪನ್ನಲ್ಲ, ಒಬ್ಬ ಅಜ್ಜಿಯ ಮಾತನ್ನು. ಮೂವತ್ತು ವರ್ಷದಲ್ಲಿ ಇಂಥ ಎಷ್ಟು ಅಜ್ಜಿಯರನ್ನು ತಿದ್ದಿ ಹಾಕಿದ್ದೇನೋ ಎಂದು ಆ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ, ಸಿಗಲಿಲ್ಲ.

ಜೀನತ್‌ಗೆ ಎಲ್ಲವನ್ನೂ ಹೇಳಿ, ತಪ್ಪು ನನ್ನದು ಎಂದೆ. ಅವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು.

“ಒಂಬತ್ತನೇ ಕ್ಲಾಸಿನ ನಾಟಕ ನೆನಪಿದೆಯೇನೇ ಸುಮಿ?”

ನೆನಪಿತ್ತು. ನೆನಪಿಲ್ಲದವಳ ಹಾಗೆ ಇದ್ದೆ, ಅಷ್ಟೇ. ಶಾಲೆಯ ವಾರ್ಷಿಕೋತ್ಸವದಲ್ಲಿ ರಾಣಿಯ ಪಾತ್ರ ಮೊದಲು ಜೀನತ್‌ಗೆ ಸಿಕ್ಕಿತ್ತು. ‘ಕೇಳಿರಿ ಪ್ರಜೆಗಳೇ’ ಎನ್ನಬೇಕಾದಲ್ಲಿ ಅವಳು ‘ಕೇಲಿರಿ ಪ್ರಜೆಗಲೇ’ ಎಂದಳು. ಟೀಚರ್ ನಕ್ಕರು, ನಾವೆಲ್ಲ ನಕ್ಕೆವು. ಪಾತ್ರ ನನಗೆ ಬಂತು. ಅವಳಿಗೆ ಪರದೆ ಎಳೆಯುವ ಕೆಲಸ.

“ನಂಗೇನೂ ಬೇಜಾರಿಲ್ಲ ಕಣೇ. ಪರದೆ ಹಿಂದೆ ನಿಂತೇ ನಾಟಕ ಕಲಿತೆ. ಆದ್ರೆ ನನ್ನ ಮಗಳು ಪರದೆ ಎಳೆಯೋದು ಬೇಡ.”

ಮಗಳನ್ನು ಅವಳು ಬೇಡಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಬ್ರಿಸ್ಬೇನಿನ ವಿಮಾನದಲ್ಲಿ ಊಟದ ಹಲಗೆ ಇಳಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದವಳು ಇಳಿಯುವವರೆಗೂ ತಲೆ ಎತ್ತಲಿಲ್ಲ.

ಬ್ರಿಸ್ಬೇನ್

ಟೂವಾಂಗಿನ ಗುಡ್ಡದ ಮೇಲೆ ಅವಳ ಮನೆ. ಅಲ್ಲಿಯ ಹಳೆಯ ಮನೆಗಳು ಮರದವು, ನೆಲ ಬಿಟ್ಟು ಕಂಬಗಳ ಮೇಲೆ ನಿಂತವು, ನೀರು ದಾಟಲು ಸೀರೆ ಎತ್ತಿಕೊಂಡ ಹೆಂಗಸರ ಹಾಗೆ. ಹಿತ್ತಲಿನಲ್ಲಿ ಕೋಳಿಯಷ್ಟು ದೊಡ್ಡ ಕಾಡುಹಕ್ಕಿಯೊಂದು ದಿನವೂ ಬಂದು ಕಸವನ್ನೆಲ್ಲ ಕಾಲಿನಿಂದ ಗುಡ್ಡೆ ಹಾಕುತ್ತಿತ್ತು. ಓಡಿಸಬಾರದು, ಅದಕ್ಕೆ ಕಾನೂನಿನ ರಕ್ಷಣೆ ಇದೆ ಎಂದು ಇಕ್ಬಾಲ್ ಹೇಳಿದ. ಸೂಪರ್ ಮಾರ್ಕೆಟ್ಟಿನಲ್ಲಿ ಒಬ್ಬ ಆರಡಿ ಗಂಡಸು ಬರಿಗಾಲಲ್ಲಿ ಹಾಲು ಕೊಳ್ಳುತ್ತಿದ್ದ. ಚಪ್ಪಲಿ ಕಳೆದುಹೋಯಿತೇನೋ ಎಂದುಕೊಂಡೆ. ಆಮೇಲೆ ಇನ್ನೂ ಮೂವರನ್ನು ನೋಡಿದೆ. ಅಂಗಡಿಗೂ ದೇವಸ್ಥಾನದ ಮರ್ಯಾದೆ ಕೊಡುವ ಊರು ಅದು.

ತಾಲೀಮು ನಡೆಯುವುದು ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯ ಶ್ರೀಧರ್ ಮನೆಯ ಗ್ಯಾರೇಜಿನಲ್ಲಿ. ಕಾರು ಬೀದಿಗೆ, ಗಿರಣಿ ಒಳಗೆ. ಆಟಕ್ಕೆ ಐದು ದಿನವಿದ್ದಾಗ ಜೀನತ್ ಎಲ್ಲರಿಗೂ ಹೊಸ ಹಾಳೆಗಳನ್ನು ಹಂಚಿದಳು. ಆಯಿಷಾ ಬಂದಿದ್ದಳು, ಬೇರೆಯವರಿಗೆ ಪಾತ್ರ ಒಪ್ಪಿಸಿ ಹೋಗಲು. ಬಾಗಿಲ ಬಳಿ ನಿಂತೇ ಓದಿದಳು.

ಜೀನತ್ ಕಮಲಿಯ ಮಾತುಗಳನ್ನೆಲ್ಲ ಬದಲಿಸಿದ್ದಳು. ಈಗ ಕಮಲಿ ಮಂಡ್ಯ ಕಡೆಯಿಂದ ಬಂದ ಹುಡುಗಿ. ಹಿಟ್ಟಿಗೆ ಇಟ್ಟು ಅನ್ನುತ್ತಾಳೆ, ಹಾಲಿಗೆ ಆಲು ಅನ್ನುತ್ತಾಳೆ. ಗಿರಣಿಯ ಸಾಲಿನಲ್ಲಿ ಒಬ್ಬ ಕನ್ನಡ ಟೀಚರ್ ನಿಂತಿರುತ್ತಾಳೆ, ಹೊಸ ಪಾತ್ರ. ಕಮಲಿ ಬಾಯಿ ತೆಗೆದಾಗೆಲ್ಲ ಆಕೆ ತಿದ್ದುತ್ತಾಳೆ. ಇಟ್ಟು ಅಲ್ಲಮ್ಮ, ಹಿಟ್ಟು. ಉಸಿರು ಬಿಡು. ಕೊನೆಗೆ ಕಮಲಿ ಸಾಕಾಗಿ, ಆಯ್ತು ಟೀಚರ್ ಎಂದು ಗಿರಣಿಯವಳ ಕಡೆ ತಿರುಗಿ ಐದು ಸೇರು ಹಕ್ಕಿ ಬೀಸಿಕೊಡಲು ಹೇಳುತ್ತಾಳೆ.

ಗ್ಯಾರೇಜಿನಲ್ಲಿ ಎಲ್ಲರೂ ಓದಿ ಮುಗಿಸಿ, ಟೀಚರ್ ಪಾತ್ರ ಯಾರದು ಎಂದು ಕೇಳುವ ಅಗತ್ಯವೇ ಇಲ್ಲದೆ ನನ್ನ ಕಡೆ ತಿರುಗಿದರು. ನಾನು ಒಂಬತ್ತನೇ ಕ್ಲಾಸಿನ ನಂತರ ಬಣ್ಣ ಹಚ್ಚಿದವಳಲ್ಲ. ಆದರೆ ಬೇಡ ಎನ್ನುವ ಬಾಯಿ ನನಗಿರಲಿಲ್ಲ.

ಆಯಿಷಾ ಹಾಳೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ಜನ ಈ ಸಲ ನಗುವುದು ಟೀಚರನ್ನು ನೋಡಿಯೇ, ನಿಮಗೆ ಪರವಾಗಿಲ್ಲವೇ ಎಂದು ಕೇಳಿದಳು. ನಗಲಿ, ನನ್ನದೊಂದು ಹಳೆಯ ಬಾಕಿ ಇದೆ ಎಂದೆ. ಅವಳು ಬ್ಯಾಗನ್ನು ಗೋಡೆಗೆ ಒರಗಿಸಿ, ಡಬ್ಬವನ್ನು ತಲೆಗೇರಿಸಿದಳು. ‘ಇಟ್ಟು’ ಎಂದು ಮೊದಲ ಸಲ ಹೆದರಿಕೆಯಿಲ್ಲದೆ ಹೇಳಿದಳು. ಆ ಮಾತಿನ ಜೊತೆಗೇ ಅವಳ ಕೈ ಸೊಂಟಕ್ಕೆ ಹೋಯಿತು, ಕುತ್ತಿಗೆ ಒಂದು ಕಡೆ ವಾಲಿತು. ಯಾರೂ ಹೇಳಿಕೊಟ್ಟದ್ದಲ್ಲ. ಹದಿನಾರು ವರ್ಷದ ಹಿಂದೆ ಯಾವುದೋ ಅಡುಗೆಮನೆಯಲ್ಲಿ ನೋಡಿದ್ದು ಹಾಗೇ ಎದ್ದು ಬಂದಿತ್ತು. ಶ್ರೀಧರ್ ನನ್ನ ಕಿವಿಯಲ್ಲಿ, ಇನ್ನು ಇಂಗ್ಲಿಷ್ ಮಾತು ನಾನು ಎತ್ತಲ್ಲ ಎಂದರು.

ರಂಗದ ಮೇಲ್ಗಡೆಯ ಪರದೆಯಲ್ಲಿ ಮಾತುಗಳ ಇಂಗ್ಲಿಷ್ ಅನುವಾದ ಮೂಡಬೇಕಿತ್ತು, ಹೆಲೆನ್ ಜೀನತ್‌ಳನ್ನು ಅಷ್ಟಕ್ಕೆ ಒಪ್ಪಿಸಿದ್ದಳು. ಎಲ್ಲ ಸಾಲುಗಳೂ ಸಿದ್ಧವಾಗಿದ್ದವು, ಹಕ್ಕಿಯ ಸಾಲೊಂದನ್ನು ಬಿಟ್ಟು. ಅಕ್ಕಿ ಹಕ್ಕಿಯ ಆಟವನ್ನು ಇಂಗ್ಲಿಷಿಗೆ ತರುವುದು ಹೇಗೆ? ಇಕ್ಬಾಲ್ ಎರಡು ದಿನ ತಲೆ ಕೆರೆದುಕೊಂಡ. ಕೊನೆಗೆ ಅದನ್ನು ನಾನೇ ಬರೆಯುತ್ತೇನೆ ಎಂದು ಆಯಿಷಾ ಲ್ಯಾಪ್‌ಟಾಪ್ ಕಸಿದುಕೊಂಡಳು. ಏನು ಬರೆದಳೆಂದು ಯಾರಿಗೂ ತೋರಿಸಲಿಲ್ಲ.

ಬ್ರಿಸ್ಬೇನ್, ಶನಿವಾರ

ಆಟ ಸಂಜೆ ಆರೂವರೆಗೆ. ಆರು ಗಂಟೆಗೆ ನಾನು ಪರದೆಯ ಸಂದಿಯಿಂದ ನೋಡಿದಾಗ ಇನ್ನೂರು ಕುರ್ಚಿಗಳಲ್ಲಿ ಮೂವತ್ತು ಜನ ಇದ್ದರು. ಮತ್ತೊಮ್ಮೆ ಎಣಿಸಿದೆ. ಜೀನತ್ ಪಕ್ಕದಲ್ಲಿ ನಿಂತು ನನ್ನ ಕುಂಕುಮ ಸರಿಮಾಡುತ್ತಿದ್ದಳು. ಅವಳ ಬೆರಳು ಅಲುಗಲಿಲ್ಲ. ದಿನವೂ ಬೇರೆಯವರ ಉಸಿರು ಕಾಯುವ ಬೆರಳುಗಳು ಅವು.

ಆರೂ ಕಾಲಿಗೆ ಹೆಲೆನ್ ಒಳಗೆ ಓಡಿಬಂದಳು. ಬಾಗಿಲಲ್ಲಿ ಸಾಲು ಬೀದಿಯವರೆಗೆ ಹೋಗಿದೆ, ಐದು ನಿಮಿಷ ತಡವಾಗಿ ಶುರುಮಾಡಬೇಕು ಎಂದಳು. ಕನ್ನಡದವರೆಲ್ಲ ಒಟ್ಟಿಗೇ ಬಂದಿದ್ದರು, ನಮ್ಮವರ ಸಮಯಕ್ಕೆ. ಅವರಷ್ಟೇ ಅಲ್ಲ. ಜೀನತ್‌ಳ ಆಸ್ಪತ್ರೆಯ ಸರ್ಜನ್‌ಗಳು, ನರ್ಸುಗಳು, ಆಯಿಷಾಳ ಕಾಲೇಜಿನ ಗೆಳೆಯರು, ಪ್ರತಿ ನಾಟಕವನ್ನೂ ಬಿಡದೆ ನೋಡುವ ಆ ಊರಿನ ಬಿಳಿಕೂದಲಿನ ಹೆಂಗಸರು. ಕುರ್ಚಿ ಮುಗಿದ ಮೇಲೆ ಹತ್ತಾರು ಜನ ಮೆಟ್ಟಿಲುಗಳ ಮೇಲೆ ಕೂರಲು ಹೋದರು. ಅದು ನಿಯಮಕ್ಕೆ ವಿರುದ್ಧ ಎಂದು ಹೆಲೆನ್ ಅವರನ್ನು ಎಬ್ಬಿಸಿ, ಒಳಗಿನ ಕೋಣೆಗಳಿಂದ ಕುರ್ಚಿ ಹೊರಿಸಿ ಹಾಕಿಸಿದಳು.

ಮೊದಲ ಹತ್ತು ನಿಮಿಷ ನಗೆ ಎರಡು ಅಲೆಯಾಗಿ ಬರುತ್ತಿತ್ತು. ಕಿವಿಯಿಂದ ಕೇಳಿದವರದು ಮೊದಲು, ಮೇಲೆ ಓದಿದವರದು ಆಮೇಲೆ. ಶ್ರೀಧರ್ ಬುದ್ಧಿವಂತ, ಎರಡನೇ ಅಲೆ ಇಳಿಯುವವರೆಗೆ ಸ್ಪ್ಯಾನರ್ ಒರೆಸುತ್ತ ನಿಲ್ಲುತ್ತಿದ್ದರು.

ಕಮಲಿ ಬಂದಳು. ಇಟ್ಟು ಎಂದಳು. ನಾನು ತಿದ್ದಿದೆ. ಆಲು ಎಂದಳು. ತಿದ್ದಿದೆ. ಮೂರನೇ ಸಲಕ್ಕೆ ಸಭೆ ನನ್ನನ್ನು ನೋಡಿ ನಗತೊಡಗಿತು, ನಾಲ್ಕನೇ ಸಲ ನಾನು ಬೆರಳೆತ್ತುವ ಮೊದಲೇ ನಕ್ಕಿತು. ಆಯಿಷಾ ಡಬ್ಬ ಇಳಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಗಿರಿಜಕ್ಕನ ಕಡೆ ತಿರುಗಿದಳು. ಎದೆ ತುಂಬ ಉಸಿರು ತೆಗೆದುಕೊಂಡಳು.

“ಆಯ್ತು ಟೀಚರ್. ಗಿರಿಜಕ್ಕ, ಐದು ಸೇರು ಹಕ್ಕಿ ಇದೆ. ನುಣ್ಣಗೆ ಬೀಸಿಕೊಡಿ.”

ಕನ್ನಡದವರು ಬಿದ್ದು ಬಿದ್ದು ನಕ್ಕರು. ಅದೇ ಗಳಿಗೆಗೆ ಮೇಲಿನ ಪರದೆಯಲ್ಲಿ ಆಯಿಷಾ ಬರೆದ ಸಾಲು ಮೂಡಿತು. ಅದರ ಅರ್ಥ ಇಷ್ಟು: ನಾನು ಹೇಳಬೇಕಾದದ್ದು ಅಕ್ಕಿ, ಹೇಳಿದ್ದು ಹಕ್ಕಿ, ಈಗ ಎಲ್ಲರೂ ಟೀಚರನ್ನು ನೋಡಿ ನಗಬಹುದು. ಉಳಿದವರೂ ನಕ್ಕರು. ಈ ಸಲ ಎರಡು ಅಲೆಯಿರಲಿಲ್ಲ. ಇಡೀ ಸಭೆ ಒಂದೇ ಸಲ ನನ್ನನ್ನು ನೋಡಿ ನಗುತ್ತಿತ್ತು. ಅಷ್ಟು ಬೆಳಕಿನಲ್ಲಿ, ಅಷ್ಟು ಜನರ ಮುಂದೆ ನಾನು ಸೋತದ್ದು ಅದೇ ಮೊದಲು. ಅಷ್ಟು ಖುಷಿಯಾದದ್ದೂ.

ಆಮೇಲಿನದು ತಾನಾಗಿ ನಡೆಯಿತು. ಬೆಲ್ಟ್ ಬಚ್ಚಿಡುವ ದೃಶ್ಯಕ್ಕೆ ಬರುವ ಹೊತ್ತಿಗೆ ಬಿಳಿಕೂದಲಿನ ಹೆಂಗಸರು ಪರದೆ ಓದುವುದನ್ನೇ ಬಿಟ್ಟಿದ್ದರು. ಮೆಕ್ಯಾನಿಕ್ ಬೆಲ್ಟ್ ಹುಡುಕುತ್ತ ಅದಿದ್ದ ಡಬ್ಬದ ಹತ್ತಿರ ಬಂದಾಗ ಅವರಲ್ಲೊಬ್ಬಾಕೆ, ಅಲ್ಲಿಲ್ಲ ಅಲ್ಲಿಲ್ಲ ಎಂದು ಅವನನ್ನು ದಾರಿ ತಪ್ಪಿಸಲು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. ಕೊನೆಯಲ್ಲಿ ಗಿರಣಿ ನಿಂತು, ಕಮಲಿ ಪುಸ್ತಕ ಹಿಡಿದು ಪರೀಕ್ಷೆಗೆ ಹೊರಟಾಗ ಜನ ಎದ್ದು ನಿಂತರು. ಚಪ್ಪಾಳೆ ನಿಲ್ಲಲಿಲ್ಲ. ನಾವು ಮೂರು ಸಲ ಬಗ್ಗಿ ನಮಸ್ಕರಿಸಿದೆವು. ಜೀನತ್ ಎಂದಿನಂತೆ ಪರದೆಯ ಹಗ್ಗದ ಬಳಿ ನಿಂತಿದ್ದಳು. ನಾನೂ ಶ್ರೀಧರೂ ಹೋಗಿ ಅವಳ ಎರಡೂ ಕೈ ಹಿಡಿದು ಬೆಳಕಿಗೆ ಎಳೆದು ತಂದೆವು. ಅವಳು ಸಭೆಯನ್ನು ನೋಡಿದಳು. ಒಂಬತ್ತು ವರ್ಷ ಬೇರೆಯವರಿಗೆ ಮಾತು ಬರೆದುಕೊಟ್ಟವಳು ಕೈ ಮುಗಿದು ಸುಮ್ಮನೆ ಅತ್ತಳು.

ಬ್ರಿಸ್ಬೇನ್, ಭಾನುವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಜೀನತ್ ಮಧ್ಯಾಹ್ನದ ಡ್ಯೂಟಿಗೆ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದಳು. ಹೆಲೆನ್‌ಳ ಫೋನ್ ಬಂತು. ಜೀನತ್ ಸ್ಪೀಕರಿಗೆ ಹಾಕಿದಳು. ಹೆಲೆನ್ ಸುತ್ತಿ ಬಳಸಿ ಮಾತಾಡುವವಳಲ್ಲ. ಮುಂದಿನ ವರ್ಷ ದೊಡ್ಡ ಸಭಾಂಗಣ, ಎರಡು ಕನ್ನಡ ನಾಟಕ, ಎರಡಕ್ಕೂ ಮೂರು ಮೂರು ಆಟ, ಆಗುತ್ತದೆಯೇ ಎಂದು ಕೇಳಿದಳು. ಇಂಗ್ಲಿಷಿನ ಮಾತನ್ನು ಎತ್ತಲೇ ಇಲ್ಲ.

ಜೀನತ್ ಫೋನಿನ ಮೇಲೆ ಅಂಗೈ ಇಟ್ಟು ನನ್ನ ಕಡೆ ತಿರುಗಿದಳು. ಅವಳ ಕಣ್ಣು ಹೊಳೆಯುತ್ತಿತ್ತು, ಆದರೂ ತಲೆ ಅಲ್ಲಾಡಿಸಿದಳು.

“ಆಸ್ಪತ್ರೆ ಇಟ್ಕೊಂಡು ವರ್ಷಕ್ಕೆ ಎರಡು ನನ್ನ ಕೈಲಿ ಆಗಲ್ಲ ಕಣೇ ಸುಮಿ. ಒಂದೇ ಅಂತ ಹೇಳಿಬಿಡ್ತೀನಿ.”

ಮೆಟ್ಟಿಲ ಮೇಲೆ ಆಯಿಷಾ ಕೂತು ಟೋಸ್ಟ್ ತಿನ್ನುತ್ತಿದ್ದಳು. ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದಳು:

“ಇನ್ನೊಂದು ನಾನ್ ಮಾಡುಸ್ತೀನಿ.”

ರಂಗವಿರಲಿಲ್ಲ, ಬೆಳಕಿರಲಿಲ್ಲ, ಯಾರೂ ಬರೆದುಕೊಟ್ಟ ಮಾತಾಗಿರಲಿಲ್ಲ. ನಿಂಗಮ್ಮಜ್ಜಿಯ ಕನ್ನಡ, ಅಡುಗೆಮನೆಯಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ. ಇಕ್ಬಾಲ್ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ. ಜೀನತ್ ಮಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಫೋನಿನ ಮೇಲಿನ ಅಂಗೈ ತೆಗೆದು, ಎರಡು ನಾಟಕ ಆಗುತ್ತದೆ ಹೆಲೆನ್, ಆದರೆ ನಿರ್ದೇಶಕರು ಇಬ್ಬರು, ಎರಡನೆಯ ಹೆಸರನ್ನೂ ಬರೆದುಕೋ ಎಂದಳು. ಬರೆದುಕೊಳ್ಳಲು ಸುಲಭವಾಗಲೆಂದು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.